ಒಂದೇ ಬ್ಯಾಗಿನ ಮೇಷ್ಟ್ರು

ಕಳೆದ ತಿಂಗಳು ಚಳ್ಳಕೆರೆಯ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. ತೀರಿಕೊಂಡ ಗಣಿತದ ಮೇಷ್ಟ್ರಿಗೆ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದೇವೆ, ನೀವು ಅವರ ಜೊತೆಗೇ ಕೆಲಸ ಮಾಡಿ ನಿವೃತ್ತರಾದವರು, ಅವರ ಸರಳತೆಯ ಬಗ್ಗೆ ಎರಡು ಮಾತಾಡಬೇಕು ಎಂದರು. ‘ಒಂದೇ ಒಂದು ಬ್ಯಾಗಲ್ಲಿ ಊರೂರು ತಿರುಗಿದ ಮನುಷ್ಯ ಸಾರ್. ಆ ಬ್ಯಾಗನ್ನೇ ಫೋಟೋ ಪಕ್ಕ ಇಟ್ಟು ಹಾರ ಹಾಕ್ತೀವಿ. ಅವರ ಮನೆಯೋರಿಗೂ ಹೇಳಿ ಕಳಿಸೀವಿ, ತರ್ತಾರೆ’ ಎಂದು ಒಬ್ಬ ಕಣ್ಣರಳಿಸಿದ. ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟೆ. ನಾನು ಮಾತಾಡುವುದಿಲ್ಲ ಎಂದೆ. ಯಾಕೆ ಸಾರ್ ಎಂದರು. ‘ಅಸಹ್ಯ ಆಗುತ್ತೆ, ಅದಕ್ಕೆ’ ಎಂದೆ. ಅವರೆಲ್ಲ ನಕ್ಕರು. ಈ ಸಾರ್‌ಗೆ ಯಾವುದು ಅಸಹ್ಯ ಅಲ್ಲ ಹೇಳು ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಊರಲ್ಲಿ ನನಗೊಂದು ಹೆಸರಿದೆ, ಎಲ್ಲದಕ್ಕೂ ಮೂಗು ಮುರಿಯುವವನು ಅಂತ. ಸುಳ್ಳೇನಲ್ಲ. ಎರಡೇ ದಿನ ಹೋಟೆಲಿನಲ್ಲಿ ಉಳಿಯಬೇಕಾದರೂ ಹಾಸಲು ನನ್ನದೇ ದುಪ್ಪಟಿ, ದಿಂಬಿಗೆ ನನ್ನದೇ ಕವರು, ಹೊದೆಯಲು ನಮ್ಮೂರಿನ ಕಂಬಳಿ, ಸ್ನಾನಕ್ಕೆ ನನ್ನದೇ ಚೊಂಬು ಒಯ್ಯುವವನು ನಾನು. ಯಾರ್ಯಾರು ಹೊರಳಾಡಿ ಎದ್ದುಹೋದ ಹಾಸಿಗೆಯೋ, ಯಾರ ತಲೆಯ ಎಣ್ಣೆ ಹತ್ತಿದ ದಿಂಬೋ, ನೆನೆಸಿಕೊಂಡರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ನನ್ನ ಹೆಂಡತಿ ಸುಜಾತ, ‘ನಿಮ್ಮ ಜೊತೆ ಹೋಟ್ಲಿಗೆ ಹೋಗೋದೂ ಒಂದೇ, ಮನೆ ಖಾಲಿ ಮಾಡೋದೂ ಒಂದೇ’ ಎನ್ನುತ್ತಾಳೆ. ಆದರೆ ಈ ಮೇಷ್ಟ್ರ ಬಗ್ಗೆ ನನಗಿರುವ ಅಸಹ್ಯವೇ ಬೇರೆ. ಅದನ್ನು ಹೇಳಿಯೇ ಬಿಡಬೇಕು ಎಂದು ಈಗ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಸತ್ತವರೆಂಬ ಮರ್ಯಾದೆಗಲ್ಲ, ಮನಸ್ಸಿಲ್ಲ ಅಷ್ಟೆ. ಅವರ ಹೆಂಡತಿಯ ಹೆಸರನ್ನು ಮಾತ್ರ ಬರೆಯುತ್ತೇನೆ, ಊರಿನ ಬಾಯಲ್ಲಿ ಕೆಟ್ಟಿದ್ದು ಆ ಹೆಸರಾದ್ದರಿಂದ. ಅಲಿವೇಲಮ್ಮ. ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು. ಮನೆಮಾತು ತೆಲುಗು. ಗಂಡನನ್ನು ‘ಏಮಂಡಿ’ ಎಂದು ಕರೆಯುತ್ತಿದ್ದರು, ಉಳಿದವರೊಡನೆಲ್ಲ ನಮ್ಮ ಸೀಮೆಯ ಕನ್ನಡ.

ಮೇಷ್ಟ್ರು ನೋಡಲು ಲಕ್ಷಣವಾಗಿದ್ದರು. ಬಿಳಿ ಷರ್ಟು, ಒಂದು ಕೂದಲೂ ಆಚೀಚೆ ಆಗದಂತೆ ಬಾಚಿದ ತಲೆ, ಮೆಲುದನಿ. ಲೆಕ್ಕ ಹೇಳಿಕೊಡುವುದರಲ್ಲಿ ಅವರ ಸಮ ಇನ್ನೊಬ್ಬರಿರಲಿಲ್ಲ, ಅದನ್ನು ಒಪ್ಪಿಕೊಳ್ಳದಿದ್ದರೆ ನನ್ನ ನಾಲಿಗೆಗೆ ಹುಳ ಬೀಳಬೇಕು. ಎಂಥ ದಡ್ಡನೂ ಅವರ ಪಾಠದಲ್ಲಿ ಒಮ್ಮೆಯಾದರೂ ‘ಓ’ ಅನ್ನುತ್ತಿದ್ದ. ಯಾವನೋ ವಿಮೆ ಏಜೆಂಟ್ ಪುಕ್ಕಟೆ ಕೊಟ್ಟಿದ್ದ ಕಪ್ಪು ರೆಕ್ಸಿನ್ ಬ್ಯಾಗೊಂದು ಅವರ ಹೆಗಲಿಗೆ ಅಂಟಿಕೊಂಡೇ ಇರುತ್ತಿತ್ತು. ಪರೀಕ್ಷೆ ಕೆಲಸಕ್ಕೆ, ತರಬೇತಿಗೆ, ಮದುವೆಗೆ, ಎಲ್ಲಕ್ಕೂ ಅದೇ.

ಶಾಲೆಯವರು ಎಲ್ಲಿಗೇ ಹೊರಡಲಿ, ಮೊದಲು ಸ್ಟಾಫ್ ರೂಮಿನಲ್ಲಿ ಅವರದೊಂದು ಉಪನ್ಯಾಸ ಆಗಬೇಕು. ‘ನೋಡ್ರಪ್ಪಾ, ಎರಡು ದಿನ ಇರಾಕೆ ಹೋಗೋನಿಗೆ ಎರಡು ಜೊತೆ ಬಟ್ಟೆ ಸಾಕು. ಒಂದು ಮೈಮೇಲೆ, ಒಂದು ಚೀಲ್ದಾಗೆ. ಉಳಿದಿದ್ದೆಲ್ಲ ಅಲ್ಲೇ ಐತೆ. ಹೊರೋದ್ಯಾಕೆ?’ ಟೀಚರುಗಳು ಹೌದೌದು ಎಂದು ತಲೆಯಾಡಿಸುತ್ತಿದ್ದರು. ನನ್ನ ಸೂಟ್‌ಕೇಸು ಬಸ್ಸಿನ ಮೇಲೆ ಏರುವಾಗಲಂತೂ ಅವರಿಗೆ ಹಬ್ಬ. ‘ಏನಪ್ಪಾ, ಒಲೆ ಒಂದು ಬಿಟ್ಟು ಬಂದೆಯಾ, ಅದ್ಯಾಕೆ ಪಾಪ?’ ಎಂದು ಎಲ್ಲರನ್ನೂ ನಗಿಸುತ್ತಿದ್ದರು.

ಆ ಉಳಿದದ್ದೆಲ್ಲ ಎಲ್ಲಿರುತ್ತದೆ ಎಂಬುದು ನನಗೆ ಗೊತ್ತಾಗಿದ್ದು ಚಿತ್ರದುರ್ಗದ ಲಾಡ್ಜಿನಲ್ಲಿ. ಉತ್ತರ ಪತ್ರಿಕೆ ತಿದ್ದುವ ಕೆಲಸಕ್ಕೆ ಹೋದಾಗ ಇಬ್ಬರಿಗೂ ಒಂದೇ ರೂಮು. ಉಳಿದದ್ದೆಲ್ಲ ಇದ್ದದ್ದು ನನ್ನ ಸೂಟ್‌ಕೇಸಿನಲ್ಲಿ! ನನ್ನ ಪೇಸ್ಟು, ನನ್ನ ಎಣ್ಣೆ, ನನ್ನ ಟವೆಲ್ಲು. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ನಾನು ಸ್ನಾನಕ್ಕೆ ಹೋದರೆ ಸೋಪಿನ ಮೇಲೆ ಅವರ ಎದೆಯ ಕೂದಲು ಸುರುಳಿ ಸುತ್ತಿಕೊಂಡು ಕೂತಿರುತ್ತಿತ್ತು. ನನ್ನ ಬಾಚಣಿಗೆಯ ಹಲ್ಲುಗಳ ನಡುವೆ ಅವರ ತಲೆಯ ಹೊಟ್ಟು. ಒಂದು ದಿನ ನನ್ನ ಒಣಗಿದ ಬನಿಯನ್ನನ್ನೇ ತೊಟ್ಟುಕೊಂಡು ಕನ್ನಡಿ ಮುಂದೆ ನಿಂತಿದ್ದರು. ಕೇಳಿದರೆ, ‘ನಿಂದೇನು, ನಂದೇನು? ಮನುಷ್ಯ ಇಷ್ಟು ಸಣ್ಣತನ ಮಾಡಬಾರದಪ್ಪ’ ಎಂದರು. ಹಲ್ಲುಜ್ಜುವ ಬ್ರಷ್ಷನ್ನು ನಾನು ಅಲ್ಲಿಂದ ಮುಂದೆ ಷರ್ಟಿನ ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಕೆಲಸ ಮುಗಿಸಿ ರೂಮು ಬಿಡುವ ದಿನ ನೋಡುತ್ತೇನೆ, ಬರುವಾಗ ಸೊರಗಿದ್ದ ರೆಕ್ಸಿನ್ ಬ್ಯಾಗು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ದುರ್ಗದಲ್ಲಿ ಏನೋ ಖರೀದಿ ಮಾಡಿರಬೇಕು ಎಂದುಕೊಂಡೆ.

ಏನು ಖರೀದಿ ಎಂಬುದು ಅವರ ಮನೆಗೆ ಊಟಕ್ಕೆ ಹೋದಾಗ ತಿಳಿಯಿತು. ಕೈ ತೊಳೆಯಲು ಬಚ್ಚಲಿಗೆ ಹೋದರೆ ಅಲ್ಲಿ ಸೋಪಿನದೊಂದು ಮುದ್ದೆ. ಯಾವ್ಯಾವುದೋ ಲಾಡ್ಜಿನಲ್ಲಿ ಯಾರ್ಯಾರೋ ತಿಕ್ಕಿ ಬಿಟ್ಟ ಚೂರುಗಳನ್ನೆಲ್ಲ ಒದ್ದೆ ಮಾಡಿ ಒಂದಕ್ಕೊಂದು ಒತ್ತಿ ಕಟ್ಟಿದ್ದು. ಹಸಿರು, ಗುಲಾಬಿ, ಬಿಳಿ, ನಡುನಡುವೆ ಕೂದಲು. ಒರೆಸಿಕೊಳ್ಳಲು ಅಲಿವೇಲಮ್ಮ ಟವೆಲ್ಲು ಹಿಡಿದುಕೊಂಡು ಬಂದರು. ಅಂಚಿನಲ್ಲಿ ದಾರದಿಂದ ಹೊಲಿದ ಲಾಡ್ಜಿನ ಹೆಸರು. ಆಯಮ್ಮನ ಮುಖ ಕೆಂಪಾಗಿತ್ತು. ಮೆಲ್ಲಗೆ, ‘ಸಾರ್, ಇದು ಬ್ಯಾಡ, ನಮ್ಮಣ್ಣ ನೇದ ಹತ್ತಿ ವಸ್ತ್ರ ಐತೆ, ತಡೀರಿ’ ಎಂದು ಒಳಗೆ ಹೋಗಿ ಬೇರೆ ತಂದುಕೊಟ್ಟರು. ಆವತ್ತು ಊಟ ನನಗೆ ಸೇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅವರ ಜೊತೆ ಹೊಸಪೇಟೆಗೆ ಯಾಕೆ ಹೋದಿರಿ ಎಂದು ನೀವು ಕೇಳಬಹುದು. ಹೋದದ್ದು ಅಲಿವೇಲಮ್ಮನಿಗಾಗಿ. ಮೇಷ್ಟ್ರು ನಿವೃತ್ತರಾದ ಹೊಸದರಲ್ಲಿ ಆಯಮ್ಮ ಸುಜಾತಳ ಹತ್ತಿರ, ‘ಒಂದ್ ಸಲ ಹೋಟ್ಲಾಗೆ ಇದ್ದು ನೋಡ್ಬೇಕಂತ ಆಸೆ ಕಣಕ್ಕ. ಇವರು ಎಲ್ಲ ಊರು ತಿರುಗಿದ್ರು, ನನ್ನ ಒಂದು ಊರಿಗೂ ಕರಕಂಡು ಹೋಗಲಿಲ್ಲ’ ಎಂದಿದ್ದರಂತೆ. ಸುಜಾತ ಪಟ್ಟು ಹಿಡಿದಳು. ನನ್ನ ಕಾರಿನಲ್ಲಿ ಎರಡು ದಿನಕ್ಕೆಂದು ನಾಲ್ವರೂ ಹೊರಟೆವು.

ಹೊರಡುವ ದಿನ ಅವರ ಮನೆಗೆ ಹೋದರೆ ರಂಪ ನಡೆದಿತ್ತು. ಅಲಿವೇಲಮ್ಮ ತಮ್ಮ ಬ್ಯಾಗಿನಲ್ಲಿ ಒಂದು ರೇಷ್ಮೆ ಸೀರೆ ಇಟ್ಟುಕೊಂಡಿದ್ದಾರೆ, ಮೇಷ್ಟ್ರು ಅದನ್ನು ತೆಗೆದು ಮಂಚದ ಮೇಲೆ ಒಗೆದಿದ್ದಾರೆ.

‘ಎರಡು ದಿನಕ್ಕೆ ಹೋಗೋಳಿಗೆ ರೇಷ್ಮೆ ಸೀರೆ ಯಾಕೆ? ಭಾರ!’

‘ಏಮಂಡಿ, ಭಾರ ನಿಮಗ್ಯಾಕೆ, ನಾನು ಹೊರ್ತೀನಿ. ಅಪ್ಪ ಕೊಟ್ಟಿದ್ದು. ಉಡಾಕೆ ಇನ್ಯಾವಾಗ ಆಗುತ್ತೆ ನಂಗೆ?’

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಸುಮ್ಮನಾದರು. ಏನೋ ಯೋಚಿಸಿದಂತೆ ಮಾಡಿ, ‘ಆಯ್ತು, ಇಟ್ಕ. ಬಿಳಿ ಬಟ್ಟೆನೂ ಇಟ್ಕ’ ಎಂದರು. ಆ ಔದಾರ್ಯ ಕಂಡು ನನಗೆ ಆಶ್ಚರ್ಯವಾಯಿತು.

ಅಲಿವೇಲಮ್ಮ ಸೀರೆ ಇಡುವುದನ್ನು ನೋಡಬೇಕಿತ್ತು. ಮೊದಲು ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರು. ಹಳೆಯ ಮಡಿಕೆಗಳನ್ನು ಬಿಡಿಸಿ, ಜರಿ ಒಳಗೆ ಬರುವಂತೆ, ಹಿಂದಿನ ಗೆರೆಯ ಮೇಲೆ ಮತ್ತೆ ಮಡಿಕೆ ಬೀಳದಂತೆ ಬೇರೆ ಕಡೆ ಮಡಿಸಿದರು. ಒಂದೇ ಕಡೆ ಮಡಿಸುತ್ತಿದ್ದರೆ ರೇಷ್ಮೆ ಅಲ್ಲೇ ಸೀಳುತ್ತದಂತೆ. ಆಮೇಲೆ ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಕಟ್ಟಿ, ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು. ‘ರೇಷ್ಮೆಗೆ ನೀರಿನ ಪಸೆ ತಾಗಬಾರದು, ಜರಿ ಸುತ್ತಬಾರದು. ನಮ್ಮ ಮನ್ಯಾಗೆ ಕೂಸಿಗೂ ಗೊತ್ತು’ ಎಂದು ಸುಜಾತಳಿಗೆ ಹೇಳುತ್ತಿದ್ದರು.

ಹೊಸಪೇಟೆಯ ಹೋಟೆಲಿನಲ್ಲಿ ಅವತ್ತು ಸಂಜೆ ಆ ಸೀರೆ ಉಟ್ಟು ಊಟಕ್ಕೆ ಇಳಿದುಬಂದರು. ಅರಿಶಿನ ಬಣ್ಣದ ಒಡಲು, ಹಸಿರು ಅಂಚು. ಪಕ್ಕದ ಮೇಜಿನ ಹೆಂಗಸೊಬ್ಬರು ಎದ್ದುಬಂದು ಸೆರಗು ಮುಟ್ಟಿ ನೋಡಿದರು. ಅಲಿವೇಲಮ್ಮ ಸೆರಗಿನ ಹತ್ತಿರ ಅಡ್ಡಕ್ಕೆ ಹೋದ ಒಂದು ತೆಳು ಗೆರೆಯನ್ನು ತೋರಿಸಿದರು. ಮದುವೆಯಾದ ಮೇಲೆ ಮೊದಲ ಸಲ ಹೇಳದೆ ಕೇಳದೆ ತವರಿಗೆ ಹೋಗಿದ್ದರಂತೆ. ಅಪ್ಪ ಮಗ್ಗದ ಗುಣಿಯಲ್ಲಿ ಕೂತಿದ್ದವರು ಬಾಗಿಲಲ್ಲಿ ಮಗಳನ್ನು ಕಂಡು ಹಾಗೇ ಎದ್ದುಬಂದರಂತೆ. ಬಹಳ ಹೊತ್ತು ಮಗ್ಗ ಬಿಡುವಾಗ ಎಳೆಗಳ ಬಿಗಿ ಸಡಿಲಿಸಿ ಏಳಬೇಕು, ಇಲ್ಲದಿದ್ದರೆ ಮತ್ತೆ ನೇಯಲು ಕೂತಾಗ ಬಟ್ಟೆಯ ಮೇಲೆ ಗೆರೆ ಬೀಳುತ್ತದೆ. ಜೀವಮಾನವೆಲ್ಲ ನೇಯ್ದ ಮನುಷ್ಯ ಅವತ್ತು ಅದನ್ನು ಮರೆತರು. ಗೆರೆ ಬಿದ್ದ ಸೀರೆಯನ್ನು ನೂಲು ಕೊಟ್ಟು ನೇಯಿಸುವ ಸಾಹುಕಾರ ತೆಗೆದುಕೊಳ್ಳಲಿಲ್ಲ, ಅದು ಮಗಳಿಗೆ ಬಂತು. ‘ಇದು ನಮ್ಮಪ್ಪ ನನ್ನ ನೋಡಿ ಎದ್ದು ಬಂದ ಗೆರೆ’ ಎಂದು ಆಯಮ್ಮ ಹೇಳುವಾಗ ಸುಜಾತ ಕಣ್ಣೊರೆಸಿಕೊಂಡಳು. ಮೇಷ್ಟ್ರು ಬಟ್ಟಲಿನ ಸೋಂಪನ್ನು ಕಾಗದಕ್ಕೆ ಸುರಿದು ಜೇಬಿಗೆ ಸೇರಿಸುತ್ತಾ, ‘ಡ್ಯಾಮೇಜ್ ಮಾಲು. ಅದಕ್ಕಿಷ್ಟು ಕತೆ’ ಎಂದರು.

ರೂಮು ಬಿಡುವ ದಿನ ಬೆಳಿಗ್ಗೆ ಹೆಂಗಸರಿಬ್ಬರೂ ತಿಂಡಿಗೆ ಇಳಿದರು. ನಾನೂ ಹೋದೆ. ಮೇಷ್ಟ್ರು ಮಾತ್ರ, ‘ನೀವು ನಡೀರಿ, ಎಲ್ಲ ನೀಟಾಗಿ ತುಂಬಿ ಇಡ್ತೀನಿ, ಇವಳಿಗೆ ತುಂಬಾಕೆ ಬರಾಕಿಲ್ಲ’ ಎಂದು ಹಿಂದೆ ಉಳಿದರು. ಆಮೇಲೆ ಬ್ಯಾಗುಗಳ ಜೊತೆ ಕೌಂಟರಿನ ಹತ್ತಿರ ನಿಂತಿದ್ದಾಗ ಮೇಲಿನಿಂದ ಫೋನು ಬಂತು. ಮ್ಯಾನೇಜರ್ ಕೇಳಿಸಿಕೊಂಡು, ತುಂಬ ಮರ್ಯಾದೆಯಿಂದಲೇ, ‘ಸಾರ್, ನಿಮ್ಮ ರೂಮಿನ ಬಾತ್‌ರೂಮ್ ಮ್ಯಾಟು ಕಾಣಿಸ್ತಿಲ್ಲವಂತೆ. ಮರೆತು ಸಾಮಾನಿನ ಜೊತೆ ಬಂದಿರಬಹುದು, ಒಂದ್ಸಲ ನೋಡ್ತೀರಾ?’ ಎಂದ.

ಮೇಷ್ಟ್ರು ಒಂದು ಕ್ಷಣವೂ ತಡಮಾಡಲಿಲ್ಲ. ತಮ್ಮ ರೆಕ್ಸಿನ್ ಬ್ಯಾಗಿನ ಜಿಪ್ಪು ಸರ್ರನೆ ಎಳೆದು ಕೌಂಟರಿನ ಮೇಲೆ ಬಾಯಿ ತೆರೆದಿಟ್ಟರು. ಒಂದು ಜೊತೆ ಬಟ್ಟೆ, ಅಷ್ಟೆ. ‘ನೋಡ್ಕಳಪ್ಪ. ನಲವತ್ತು ವರ್ಷದಿಂದ ಇಷ್ಟರಲ್ಲೇ ತಿರುಗಿದೋನು ನಾನು.’ ಆಮೇಲೆ ದನಿ ತಗ್ಗಿಸಿ, ‘ಹೆಂಗಸ್ರ ಬ್ಯಾಗಿನ ವಿಷಯ ನಂಗೊತ್ತಿಲ್ಲ. ಅವಳನ್ನೇ ಕೇಳು’ ಎಂದರು.

ಅಲಿವೇಲಮ್ಮ ಏನೂ ತಿಳಿಯದೆ ತಮ್ಮ ಬ್ಯಾಗು ತೆರೆದರು. ಮೇಲಿದ್ದ ಬಿಳಿ ಬಟ್ಟೆಯ ಗಂಟು ಬಿಚ್ಚಿದರು. ಮಡಿಸಿಟ್ಟಿದ್ದ ಸೀರೆ ಈಗ ಚಾಪೆಯಂತೆ ಸುರುಳಿಯಾಗಿತ್ತು, ಮೇಲೆ ರಬ್ಬರ್ ಬ್ಯಾಂಡು. ಒಳಗಿನಿಂದ ಕಡುಕೆಂಪು ಮ್ಯಾಟು ಜಾರಿ ನೆಲಕ್ಕೆ ಬಿತ್ತು. ಎಲ್ಲರೂ ಕಾಲೊರೆಸಿದ, ಬಚ್ಚಲಿನ ಹಸಿ ಇನ್ನೂ ಆರದ ಮ್ಯಾಟು. ಮುಗ್ಗಲು ನಾತ ನಾನು ನಿಂತಲ್ಲಿಗೂ ಬಡಿಯಿತು. ಅದರ ಬಣ್ಣ ಅರಿಶಿನ ರೇಷ್ಮೆಯ ಮೇಲೆಲ್ಲ ಇಳಿದಿತ್ತು.

ಆಗ ಆ ಮನುಷ್ಯ ಆಡಿದ ಮಾತು ಇದು: ‘ಏನೇ ಇದು ಅಲಿವೇಲು? ಬೇಕಿದ್ರೆ ಕೇಳಬೇಕಿತ್ತು, ಅಂಗಡ್ಯಾಗೆ ಕೊಡಿಸ್ತಿದ್ದೆನಲ್ಲ!’

ಥೂ! ಇದನ್ನು ನಾನು ಈಗ ಬರೆಯುತ್ತಿರುವುದಲ್ಲ, ಅಲ್ಲೇ, ಎಲ್ಲರೆದುರಿಗೆ, ಅವರ ಮುಖಕ್ಕೇ ಅಂದದ್ದು. ‘ರೂಮಲ್ಲಿ ಹಿಂದೆ ಉಳಿದು ತುಂಬಿದ್ದು ನೀವು. ನಾಚಿಕೆ ಆಗಲ್ವೇನ್ರಿ?’ ಎಂದೆ. ‘ನೀನು ಸುಮ್ನಿರಪ್ಪ, ಸಂಸಾರದ ಮಾತು’ ಎಂದರು.

ಅಲಿವೇಲಮ್ಮ ಅಳಲಿಲ್ಲ. ಸೀರೆಯನ್ನು ಕೌಂಟರಿನ ಮೇಲೆ ಉದ್ದಕ್ಕೆ ಹರಡಿದರು. ಬೆರಳಾಡಿಸುತ್ತಾ ಹೋಗಿ ಅಪ್ಪನ ಗೆರೆ ಹುಡುಕಿದರು. ಕೆಂಪು ಅದರ ಮೇಲೂ ಹರಿದಿತ್ತು. ಆಮೇಲೆ ಮ್ಯಾನೇಜರನ ಕಡೆ ತಿರುಗಿದರು.

‘ಅಪ್ಪಾ, ಇದು ನಮ್ಮಪ್ಪ ನೇದಿದ್ದು. ಮೊಳಕಾಲ್ಮೂರಾಗೆ ಮಗ್ಗದ ಮನೆಯಾಗೆ ಹುಟ್ಟಿದ ಯಾವ ಹೆಣ್ಣಾದ್ರೂ ಜರಿ ಸೀರೆನ ಹಿಂಗೆ ಸುತ್ತುತಾಳಾ? ಹಸಿ ಬಟ್ಟೆ ಒಳಗೆ ಇಡ್ತಾಳಾ? ಕದಿಯೋಳೇ ಆಗಿದ್ರೆ ಬರೀ ಕೈಯಾಗೆ ಹಿಡ್ಕಂಡು ಹೋಗ್ತಿದ್ದೆ, ಇದರಾಗೆ ಮಾತ್ರ ಸುತ್ತುತಿರಲಿಲ್ಲ.’

ಮ್ಯಾನೇಜರ್ ಸೀರೆ ನೋಡಿದ, ಮ್ಯಾಟು ನೋಡಿದ, ಮೇಷ್ಟ್ರನ್ನು ನೋಡಿದ. ‘ಗೊತ್ತಾಯ್ತಮ್ಮ, ನೀವು ಹೋಗಿ ಬನ್ನಿ’ ಎಂದು ಆಯಮ್ಮನಿಗೆ ಮಾತ್ರ ಕೈ ಮುಗಿದ.

ಬಳ್ಳಾರಿ ಮೇಲೆ ವಾಪಸು ಹೊರಟೆವು. ಹಾನಗಲ್ ಕ್ರಾಸಿಗೆ ಬಂದಾಗ ಅಲಿವೇಲಮ್ಮ, ‘ಸಾರ್, ನಿಲ್ಸಿ. ನಾನಿಲ್ಲೇ ಇಳೀತೀನಿ’ ಎಂದರು. ಅಲ್ಲಿಂದ ಮೊಳಕಾಲ್ಮೂರು ಹತ್ತಿರ.

‘ಎಲ್ಲಿಗೆ?’ ಎಂದರು ಮೇಷ್ಟ್ರು.

‘ಅಣ್ಣನ ಮನೆಗೆ.’

‘ಅಲ್ಲ, ಸಂಜೆ ಅಡಿಗೆ?’

ಆಯಮ್ಮ ಬ್ಯಾಗು ತೆಗೆದುಕೊಂಡು ಇಳಿದರು. ಮತ್ತೆ ಆ ಮನೆಗೆ ಬರಲಿಲ್ಲ. ಅಣ್ಣನ ಮನೆಯಲ್ಲಿದ್ದುಕೊಂಡು ಮಗ್ಗಕ್ಕೆ ನೂಲು ಸುತ್ತಿಕೊಡುತ್ತಾ ತಮ್ಮ ಅನ್ನ ತಾವು ದುಡಿದುಕೊಂಡರು.

ಇಲ್ಲಿ ಚಳ್ಳಕೆರೆಯಲ್ಲಿ ಮೇಷ್ಟ್ರು ಏನು ಮಾಡಿದರು ಗೊತ್ತೇ? ನಿಟ್ಟುಸಿರು ಬಿಡುತ್ತಾ ತಿರುಗಿದರು. ಹೆಂಡತಿ ಎಲ್ಲಿ ಎಂದು ಯಾರು ಕೇಳಿದರೂ, ‘ಏನ್ ಹೇಳಾಣಪ್ಪ, ಅವಳ ಕೈ ಸುದ್ದ ಇಲ್ಲ. ಹೋಟ್ಲಾಗೆ ಸಿಕ್ಕಿಬಿದ್ಲು. ಮುಖ ತೋರಿಸಲಾರದೆ ತವರು ಸೇರ್ಕಂಡಳು. ನಾನು ನುಂಗ್ಕಂಡೀನಿ’ ಎನ್ನುವುದು. ಊರು ನಂಬಿತು. ಯಾಕೆ ನಂಬುವುದಿಲ್ಲ? ಬಿಳಿ ಷರ್ಟು, ಒಂದೇ ಬ್ಯಾಗು, ಮೆಲುದನಿ. ನಾನು ಕಂಡಕಂಡವರಿಗೆ ನಿಜ ಹೇಳಿದೆ, ಸುಜಾತ ಹೇಳಿದಳು. ‘ನಿಮಗೆ ಅವರ ಸೋಪು ಕಂಡರೂ ಆಗಲ್ಲ ಬಿಡ್ರಿ’ ಎಂದು ನನ್ನ ಮಾತನ್ನು ತೇಲಿಸಿದರು. ಒಂದು ಮದುವೆಗೆ ಅಲಿವೇಲಮ್ಮ ಚಳ್ಳಕೆರೆಗೆ ಬಂದಿದ್ದಾಗ, ಪಕ್ಕದಲ್ಲಿ ಕೂತಿದ್ದ ಟೀಚರೊಬ್ಬರು ತಮ್ಮ ವ್ಯಾನಿಟಿ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅಲಿವೇಲಮ್ಮ ಅದನ್ನು ನೋಡಿದರು. ಊಟ ಮಾಡದೆ ಬಸ್ ಸ್ಟ್ಯಾಂಡಿಗೆ ನಡೆದರು. ಆಮೇಲೆ ಈ ಊರಿಗೆ ಬಂದದ್ದು ಗಂಡ ಸತ್ತಾಗಲೇ.

ಸಭೆಗೆ ಹೋಗಬಾರದು ಎಂದುಕೊಂಡಿದ್ದೆ. ಸುಜಾತ ಬಿಡಲಿಲ್ಲ, ‘ಅಕ್ಕ ಒಬ್ಬರೇ ಕೂತಿರ್ತಾರೆ’ ಎಂದಳು. ಹೋಗಿ ಅಲಿವೇಲಮ್ಮನ ಪಕ್ಕ ಕೂತೆವು. ವೇದಿಕೆಯ ಮೇಲೆ ಹೂವಿನ ನಡುವೆ ಮೇಷ್ಟ್ರ ಫೋಟೋ, ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿದ ಖಾಲಿ ಸ್ಟೂಲು. ಒಬ್ಬರಾದ ಮೇಲೊಬ್ಬರು ಎದ್ದು ಸರಳಜೀವಿ, ನಿರ್ಲಿಪ್ತ ಎಂದರು. ಒಬ್ಬ ಪುಣ್ಯಾತ್ಮ, ‘ಸಂಸಾರದಲ್ಲಿ ಅವಮಾನ ಬಂದರೂ ವಿಷಕಂಠನಂತೆ ನುಂಗಿಕೊಂಡರು’ ಎಂದೇ ಬಿಟ್ಟ, ಹೆಂಡತಿ ಎದುರಿಗೇ ಕೂತಿದ್ದಾರೆಂಬ ಪರಿವೆಯೂ ಇಲ್ಲದೆ. ನಾನು ಎದ್ದು ನಿಂತೆ. ಅಲಿವೇಲಮ್ಮ, ‘ಕೂತ್ಕಳಿ ಸಾರ್’ ಎಂದರು.

ಅಧ್ಯಕ್ಷರು ಮೈಕಿನಲ್ಲಿ, ‘ತಾಯೀ, ಆ ಬ್ಯಾಗನ್ನು ತಂದು ಇಲ್ಲಿಡಬೇಕು’ ಎಂದು ಕರೆದರು.

ಆಯಮ್ಮ ಕಾಲ ಬಳಿ ಇಟ್ಟುಕೊಂಡಿದ್ದ ಬ್ಯಾಗನ್ನು ಎತ್ತಿಕೊಂಡು ವೇದಿಕೆ ಹತ್ತಿದರು. ಎರಡೂ ಕೈಯಲ್ಲಿ ಹೊರಬೇಕಾಗಿತ್ತು. ಸ್ಟೂಲಿನ ಮೇಲೆ ಇಟ್ಟರೆ ಅದು ಎರಡೂ ಕಡೆಗೆ ಹೊಟ್ಟೆ ಚೆಲ್ಲಿಕೊಂಡಿತು. ಅಧ್ಯಕ್ಷರಿಗೆ ಏನೂ ಅರ್ಥವಾಗಲಿಲ್ಲ. ಮಹನೀಯರಿಗೆ ಎಷ್ಟು ಕಡಿಮೆ ಸಾಕಾಗಿತ್ತೆಂದು ಈಗಿನವರು ನೋಡಲಿ ಎನ್ನುತ್ತಾ ಜಿಪ್ಪು ಎಳೆದು ಕೈ ಹಾಕಿದರು. ಮೊದಲು ಬಂದದ್ದು ಸೋಪಿನ ಮುದ್ದೆ. ಕೂದಲು ಬೆರಳಿಗೆ ಸುತ್ತಿಕೊಂಡಿತು, ಅವರು ಥಟ್ಟನೆ ಅದನ್ನು ಬಿಟ್ಟು ಕರ್ಚೀಫು ಹುಡುಕತೊಡಗಿದರು. ಅಲಿವೇಲಮ್ಮ ತಾವೇ ಒಂದೊಂದಾಗಿ ತೆಗೆದು ಫೋಟೋದ ಮುಂದೆ ಜೋಡಿಸಿದರು. ಟವೆಲ್ಲುಗಳು, ದಿಂಬಿನ ಕವರುಗಳು, ಚಮಚಗಳು, ಒಂದು ಆಶ್‌ಟ್ರೇ. ಪ್ರತಿಯೊಂದರ ಮೇಲೂ ಹೆಸರು. ಚಿತ್ರದುರ್ಗದ ಲಾಡ್ಜು, ದಾವಣಗೆರೆಯ ಲಾಡ್ಜು, ಬೆಂಗಳೂರಿನದು, ಮೈಸೂರಿನದು. ಮುಂದಿನ ಸಾಲಿನಲ್ಲಿದ್ದ ಟೀಚರುಗಳು ಬಗ್ಗಿ ಓದಿದರು.

‘ಇದೆಲ್ಲ ಮನೆ ಬೀರುನಾಗಿತ್ತು. ಇದರ ಮ್ಯಾಲಿರೋ ಊರು ಒಂದನ್ನೂ ನಾನು ಕಣ್ಣಾಗೆ ನೋಡಿಲ್ಲ. ನಾನು ನೋಡಿದ್ದು ಹೊಸಪೇಟೆ ಒಂದೇ’ ಎಂದರು ಅಲಿವೇಲಮ್ಮ. ಮೈಕು ಹತ್ತಿರವೇ ಇದ್ದದ್ದರಿಂದ ಎಲ್ಲರಿಗೂ ಕೇಳಿಸಿತು.

ಅಧ್ಯಕ್ಷರು ತೊದಲುತ್ತಾ, ‘ಅಲ್ಲ ತಾಯೀ, ನಾವು ಕೇಳಿದ್ದು ಅವರು ಯಾವಾಗ್ಲೂ ಒಯ್ತಿದ್ರಲ್ಲ, ಆ ಬ್ಯಾಗು...’ ಎಂದರು.

‘ಇದೇ ರೀ ಅದು. ನೀವೆಲ್ಲ ಹೋಗುವಾಗ ನೋಡಿದ್ರಿ. ಇದು ಬರುವಾಗಿಂದು’ ಎಂದರು ಅಲಿವೇಲಮ್ಮ. ಆಮೇಲೆ ಮೇಜಿನ ಮೇಲೆ ಬಟ್ಟಲಲ್ಲಿಟ್ಟಿದ್ದ ಹಾರವನ್ನು ತೆಗೆದು ಅಧ್ಯಕ್ಷರ ಕೈಗೆ ಕೊಟ್ಟರು.

‘ಈಗ ಹಾಕ್ರಿ.’